ಹತ್ತು ನಿಮಿಷದ ಪೆಟ್ರೋಲು

ಎಂಜಿನ್ನು ಹಿಂದಕ್ಕೆ ಒದ್ದ ಏಟಿಗೆ ಪ್ರೊಪೆಲ್ಲರ್ ಅಳಿಯನ ಬೆರಳಿಗೆ ಪಟಾರನೆ ಬಡಿಯಿತು. ಎರಡಡಿಗೂ ಮಿಕ್ಕಿದ ಮರದ ಪ್ರೊಪೆಲ್ಲರ್ ಅದು; ದಪ್ಪ ಚರ್ಮದ ಕೈಗವಸು ಇರದಿದ್ದರೆ ಬೆರಳನ್ನು ಹುಲ್ಲಿನಲ್ಲಿ ಹುಡುಕಬೇಕಾಗುತ್ತಿತ್ತು. ಅವನು ಕೈಗವಸು ಕಿತ್ತೆಸೆದ. ಉಗುರಿನ ಬುಡದಲ್ಲಿ ಒಸರುತ್ತಿದ್ದ ರಕ್ತ ನೋಡಿಕೊಂಡ, ಆಮೇಲೆ ಹೆಂಡತಿಯ ಕಡೆ ತಿರುಗಿದ. "ನನ್ನ ಬೆಳಕಿಗೆ ಅಡ್ಡ ನಿಲ್ಲಬೇಡ ಅಂತ ಎಷ್ಟು ಸಲ ಬಡ್ಕೊಳ್ಳೋದು ನಿಂಗೆ?" ಎಂದವನೇ ಕೈಲಿದ್ದ ಸ್ಪ್ಯಾನರನ್ನು ಬೀಸಿ ಎಸೆದ. ಅದು ಅವಳ ಪಾದದಿಂದ ಗೇಣು ದೂರದಲ್ಲಿ ನೆಲ ಕಚ್ಚಿತು. ಅವಳು ಬೆಚ್ಚಲೂ ಇಲ್ಲ. ಬಗ್ಗಿ ಅದನ್ನು ಎತ್ತಿ, ಮಣ್ಣು ಒರೆಸಿ, ಪೆಟ್ಟಿಗೆಯಲ್ಲಿಟ್ಟಳು.

ವಿಮಾನದ ಬಾಲ ಹಿಡಿದು ಕೂತಿದ್ದ ಬಡಗಿ ಮೇಸ್ತ್ರಿ ಇದೆಲ್ಲವನ್ನೂ ನೋಡಿದರು. ಬಾಲವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು. ಅವಳು ಅವರ ಒಬ್ಬಳೇ ಮಗಳು ಕಣ್ರೀ, ಹೆತ್ತ ಮಗಳು.

ಮೇಸ್ತ್ರಿಯ ಪ್ರಾಣವೆಲ್ಲ ರಿಮೋಟಿನಲ್ಲಿ ಹಾರಿಸುವ ಆ ಮಾದರಿ ವಿಮಾನದಲ್ಲಿತ್ತು. ಒಂಬತ್ತಡಿ ರೆಕ್ಕೆ, ಒಂದರ ಮೇಲೊಂದು ಎರಡು ಜೋಡಿ. ಹದಿನೆಂಟು ಕೆಜಿ ತೂಕ. ಯಾವುದೋ ಹಳೆಯ ಕಾಲದ ಯುದ್ಧವಿಮಾನದ ನಕ್ಷೆ ತರಿಸಿಕೊಂಡು, ಅದರ ಮೂರನೇ ಒಂದು ಪಾಲು ಅಳತೆಗೆ, ಮೂರು ವರ್ಷ ಕೂತು ಕಟ್ಟಿದ್ದರು. ಹತ್ತಿಯಷ್ಟು ಹಗುರದ ಮರವನ್ನು ಬ್ಲೇಡಿನಲ್ಲಿ ಕೊಯ್ದು ಒಂದೊಂದು ಪಕ್ಕೆಲುಬೂ ಕೈಯಲ್ಲೇ ಮಾಡಿದ್ದು. ಒಳಗೆ ಕೂರುವ ಗೊಂಬೆ ಪೈಲಟ್ಟಿಗೆ ಚರ್ಮದ ಟೋಪಿ, ಅವನ ಮುಂದೆ ಗುಂಡಿಯಷ್ಟು ಗುಂಡಿಯಷ್ಟು ಮೀಟರುಗಳು. ಹೊಲಿಗೆ ಕಲಿತ ಮಗಳು ರೆಕ್ಕೆಗೆ ಬಟ್ಟೆ ಹಚ್ಚಿ ಇಸ್ತ್ರಿ ಪೆಟ್ಟಿಗೆಯಲ್ಲಿ ಬಿಗಿ ಮಾಡಿದ್ದಳು. ಬೆರಳಿನಲ್ಲಿ ತಟ್ಟಿದರೆ ಡೋಲಿನ ಹಾಗೆ ಸದ್ದು ಬರುತ್ತಿತ್ತು.

ಕಟ್ಟುವುದೇನೋ ಕಟ್ಟಿದರು, ಹಾರಿಸುವುದು ಅವರಿಗೆ ಒಲಿದು ಬರಲಿಲ್ಲ. ವಿಮಾನ ನಮ್ಮ ಕಡೆ ಮುಖ ಮಾಡಿ ಬರುವಾಗ ಎಡ ಬಲ ಅದಲುಬದಲಾಗುತ್ತದೆ. ಮೇಸ್ತ್ರಿಯ ತಲೆಗೆ ಅದು ಹತ್ತಲೇ ಇಲ್ಲ. ಇದಕ್ಕೂ ಮೊದಲು ಕಟ್ಟಿದ ಮೂರು ವಿಮಾನ ನೆಲಕ್ಕೆ ಕುಕ್ಕಿದ ಮೇಲೆ ರಿಮೋಟು ಮುಟ್ಟುವುದನ್ನೇ ಬಿಟ್ಟರು. ಆಮೇಲೊಂದು ಭಾನುವಾರ, ವಿಮಾನ ಹಾರಿಸುವವರ ಕ್ಲಬ್ಬಿನ ಬಯಲಲ್ಲಿ, ಕರೆಂಟು ಕಂಬ ಹತ್ತುವ ಲೈನ್‌ಮನ್ ಒಬ್ಬ, ಗಾಳಿಯ ಮಧ್ಯೆ ಎಂಜಿನ್ನು ಸತ್ತುಹೋದ ವಿಮಾನವನ್ನು ಹಾಸಿಗೆ ಮೇಲೆ ಮಗು ಮಲಗಿಸಿದ ಹಾಗೆ ಇಳಿಸಿದ್ದನ್ನು ಕಂಡರು. ಇಷ್ಟು ಮೆತ್ತಗಿನ ಕೈಯಿರುವವನು ಹೆಣ್ಣನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆ ಅಂತ ಅಲ್ಲೇ ತೀರ್ಮಾನ ಮಾಡಿಬಿಟ್ಟರು. ಏನು ಬುದ್ಧಿಯೋ! ರಿಮೋಟು ಹಿಡಿಯುವ ಕೈ ನೋಡಿ ಮಗಳನ್ನು ಕೊಟ್ಟ ಪುಣ್ಯಾತ್ಮ ಇವರೊಬ್ಬರೇ ಇರಬೇಕು.

ಎಂಟು ತಿಂಗಳ ಹಿಂದೆ, ಮಗಳು ರೆಕ್ಕೆಗೆ ಇಸ್ತ್ರಿ ಹಾಕುತ್ತಿದ್ದಾಗ ತೋಳಿನ ಬಟ್ಟೆ ಮೇಲೆ ಸರಿಯಿತು. ನಾಲ್ಕು ನೀಲಿ ಗೆರೆ. "ಏನಮ್ಮ ಅದು?" ಎಂದರು. "ಬಾಗಿಲು ತಾಗಿತು ಅಪ್ಪ" ಎಂದಳು. ನಲವತ್ತು ವರ್ಷ ಬಾಗಿಲು ಮಾಡಿದ ಮನುಷ್ಯನಿಗೆ ಗೊತ್ತಿಲ್ಲವೇ, ಯಾವ ಬಾಗಿಲಿಗೂ ನಾಲ್ಕು ಬೆರಳಿರುವುದಿಲ್ಲ. ಗೊತ್ತಾಯಿತು. ಅದೇ ಸಂಜೆ ಅಳಿಯ ಬಂದು ಎಂಜಿನ್ನು ಕೂರಿಸುವುದಿತ್ತು. ಎಂಜಿನ್ನು ಕೂತ ಮೇಲೆ ಕೇಳೋಣ ಅಂದುಕೊಂಡರು. ಎಂಜಿನ್ನು ಕೂತ ಮೇಲೆ, ವೈರಿಂಗು ಮುಗಿಯಲಿ ಅಂದುಕೊಂಡರು. ವೈರಿಂಗೂ ಮುಗಿಯಿತು. ಹಾರಿಬಿಡಲಿ, ಆಮೇಲೆ ಕೂರಿಸಿಕೊಂಡು ಮಾತಾಡೋಣ ಅಂದುಕೊಂಡರು. ಹೀಗೆ ಕಂಡೂ ಕಾಣದವರ ಹಾಗೆ ಎಂಟು ತಿಂಗಳು ತಳ್ಳಿದರು.

ನಾಲ್ಕನೇ ಸಲಕ್ಕೆ ಎಂಜಿನ್ನು ಹತ್ತಿಕೊಂಡಿತು. ಬಯಲೆಲ್ಲ ಅದುರಿತು. ಬಾಲವನ್ನು ಹಗ್ಗದಲ್ಲಿ ಕಬ್ಬಿಣದ ಗೂಟಕ್ಕೆ ಕಟ್ಟಿದ್ದರೂ ವಿಮಾನ ಮೇಸ್ತ್ರಿಯ ಕೈಯನ್ನು ಕಿತ್ತುಕೊಂಡು ಹೋಗುವ ಹಾಗೆ ಎಳೆಯಿತು. ಕ್ಲಬ್ಬಿನ ಹಿರಿಯರೊಬ್ಬರು, ಕನ್ನಡಕದಂಗಡಿ ಇಟ್ಟುಕೊಂಡವರು, ಎರಡೂ ಕಿವಿ ಮುಚ್ಚಿಕೊಂಡು ಹಿಂದೆ ಸರಿದರು. ಮಗಳೂ ಮುಚ್ಚಿಕೊಂಡಳು, ಆದರೆ ಬಲಗಿವಿ ಒಂದನ್ನೇ. ಎಡಗೈ ಸುಮ್ಮನೆ ಜೋತುಬಿದ್ದಿತ್ತು.

ಮೇಸ್ತ್ರಿ ಅದನ್ನೇ ನೋಡುತ್ತ ಕೂತರು. ಮೂರು ಮಾರು ದೂರದಲ್ಲಿ ಅಂಥ ಎಂಜಿನ್ನು ಕಿರುಚುವಾಗ ಯಾರು ತಾನೇ ಒಂದು ಕಿವಿ ತೆರೆದಿಟ್ಟುಕೊಂಡು ನಿಲ್ಲುತ್ತಾರೆ? ಅಷ್ಟರಲ್ಲಿ ಅಳಿಯ ಹಗ್ಗ ಬಿಚ್ಚಿ, ರಿಮೋಟು ಕೊರಳಿಗೆ ತೂಗುಹಾಕಿಕೊಂಡು, ಬಿಡಿ ಅಂತ ಗದ್ದ ಅಲ್ಲಾಡಿಸಿದ. ಮೇಸ್ತ್ರಿ ಬಿಟ್ಟರು. ಆಗಲೂ ಬಿಟ್ಟರು!

ವಿಮಾನ ಐವತ್ತು ಹೆಜ್ಜೆ ಓಡಿ, ಬಾಲ ಎತ್ತಿ, ನೆಲ ಬಿಟ್ಟಿತು. ಕನ್ನಡಕದಂಗಡಿಯವರು ಚಪ್ಪಾಳೆ ತಟ್ಟಿದರು. ಮೇಸ್ತ್ರಿ ಮಗಳ ಹತ್ತಿರ ಹೋಗಿ ಎಡಗಡೆ ನಿಂತು "ಮಗಳೇ" ಎಂದರು. ಅವಳು ತಿರುಗಲಿಲ್ಲ. ಬಲಗಡೆ ಬಂದು ಕರೆದರು.

"ಆ ಕಿವಿಗೇನಾಯ್ತು?"

"ಕೇಳಿಸ್ತಿಲ್ಲ ಅಪ್ಪ. ಮೂರು ದಿನ ಆಯ್ತು. ರಾತ್ರಿ ಕೀವು ಬರತ್ತೆ." ಅವಳು ವಿಮಾನವನ್ನೇ ನೋಡುತ್ತಿದ್ದಳು. "ಈಗ ಏನೂ ಕೇಳಬೇಡ. ಅವರ ಧ್ಯಾನ ತಪ್ಪತ್ತೆ."

ಹಾರಿಸುವವನ ಹೆಗಲ ಹಿಂದೆ ಒಬ್ಬರು ನಿಂತು, ಗಾಳಿ ಎತ್ತ, ಎಷ್ಟು ನಿಮಿಷ ಆಯಿತು ಅಂತ ಹೇಳುತ್ತಿರಬೇಕು. ಅದು ಮೇಸ್ತ್ರಿಯ ಕೆಲಸ. ಹೋಗಿ ನಿಂತರು. ವಿಮಾನ ಎಡಕ್ಕೆ ಎಳೆಯುತ್ತಿತ್ತು. ಮೊದಲ ಹಾರಾಟದಲ್ಲಿ ಹಾಗಾಗುವುದುಂಟು. ಅಳಿಯ ಎರಡು ಹೆಬ್ಬೆರಳಲ್ಲೂ ಅದನ್ನು ಸಂಭಾಳಿಸುತ್ತಿದ್ದ. ಹಾಗೆ ಹಾರಿಸುವವನು ಮೂಗಿನ ಮೇಲೆ ನೊಣ ಕೂತರೂ ಓಡಿಸುವ ಹಾಗಿಲ್ಲ. ಕಣ್ಣು ಆಕಾಶದಲ್ಲಿ, ಕೈ ರಿಮೋಟಿನಲ್ಲಿ.

"ಏನಂತೆ ಅವಳದು?" ಎಂದ ಅಳಿಯ, ಕಣ್ಣು ಕೀಳದೆ.

"ಕಿವಿ ಕೇಳಿಸ್ತಿಲ್ಲವಂತೆ."

"ಓಹೋ, ಬಾಯಿ ಬಿಟ್ಲಾ. ಇರಲಿ, ಇದನ್ನ ಇಳಿಸ್ತೀನಿ. ಮನೆಗೆ ಹೋಗಿ ಇನ್ನೊಂದು ಕಿವೀನೂ ವಿಚಾರಿಸ್ಕೋತೀನಿ."

"ಅವಳು ನಿನ್ನ ಮನೆಗೆ ಬರಲ್ಲ." ನಾಲ್ಕು ವರ್ಷದಲ್ಲಿ ಮೇಸ್ತ್ರಿ ಅಳಿಯನನ್ನು ಏಕವಚನದಲ್ಲಿ ಮಾತಾಡಿಸಿದ್ದು ಇದೇ ಮೊದಲು.

ಅಳಿಯ ನಕ್ಕ. ವಿಮಾನವನ್ನು ತಮ್ಮ ನೆತ್ತಿಯ ಮೇಲೆಯೇ ತಂದು, ರೆಕ್ಕೆಯ ಅಡಿಭಾಗ ಪೂರ್ತಿ ಕಾಣುವ ಹಾಗೆ ಓರೆ ಮಾಡಿದ. ಬೇಕಂತಲೇ ಮಾಡಿದ್ದು. "ಬರ್ತಾಳೆ ಮಾವ. ಟ್ಯಾಂಕಲ್ಲಿರೋದು ಹತ್ತು ನಿಮಿಷದ ಪೆಟ್ರೋಲು. ಇದು ನೆಲ ಮುಟ್ಟೋವರೆಗೆ ನೀವು ನನ್ನ ಮೈ ಮುಟ್ಟಲ್ಲ. ಮುಟ್ಟಿದ ಮೇಲೂ ಮುಟ್ಟಲ್ಲ. ಮುಂದಿನ ಭಾನುವಾರ ಮತ್ತೆ ಹಾರಿಸಬೇಕಲ್ಲ? ಸುಮ್ನೆ ಟೈಮ್ ಹೇಳಿ."

ಮೇಸ್ತ್ರಿ ಕೈಗಡಿಯಾರ ನೋಡಿದರು. "ಮೂರು ನಿಮಿಷ" ಎಂದು ಬಾಯಿಗೆ ಬಂದೇಬಿಟ್ಟಿತು. ಬಂದ ಮೇಲೆ ಮೈಯೆಲ್ಲ ಅಸಹ್ಯವಾಯಿತು, ತಮ್ಮ ನಾಲಗೆಯನ್ನು ತಾವೇ ಕಿತ್ತು ಬಿಸಾಡಬೇಕು ಅನ್ನಿಸಿತು. ವಿಮಾನ ಇಳಿಯುತ್ತದೆ, ಮಗಳು ಅವನ ಗಾಡಿ ಹತ್ತುತ್ತಾಳೆ, ಮನೆಯ ಬಾಗಿಲು ಹಾಕಿಕೊಳ್ಳುತ್ತದೆ. ಈಗ ಬಿಟ್ಟರೆ ಮತ್ತೆಂದೂ ಇಲ್ಲ.

ಮೇಸ್ತ್ರಿ ಮುಷ್ಟಿ ಕಟ್ಟಿ ಅಳಿಯನ ಎಡಗಿವಿಯ ಮೇಲೆ ಗುದ್ದಿದರು. ಉಳಿ ಸುತ್ತಿಗೆ ಹಿಡಿದು ನಲವತ್ತು ವರ್ಷ ಪಳಗಿದ ಕೈ. ಅವನು ಮಗ್ಗುಲಿಗೆ ತೂರಾಡಿದ, ಬೆರಳು ರಿಮೋಟಿನ ಕಡ್ಡಿಗಳಿಂದ ಜಾರಿತು. "ಏಯ್, ವಿಮಾನ, ವಿಮಾನ!" ಎಂದು ಕನ್ನಡಕದಂಗಡಿಯವರು ಕೂಗಿಕೊಂಡರು. ಮೇಸ್ತ್ರಿ ತಲೆಯೆತ್ತಲಿಲ್ಲ. ಇನ್ನೊಂದು ಗುದ್ದಿದರು. ಅಳಿಯ ಆಗಲೂ ಕಡ್ಡಿ ಹುಡುಕುತ್ತಿದ್ದ. ಮೂರನೆಯದು ಅವನ ಬಾಯಿಗೆ ಬಿತ್ತು, ತುಟಿ ಹರಿಯಿತು. ಆಕಾಶದಲ್ಲಿ ಎಂಜಿನ್ನಿನ ಸದ್ದು ಏರಿತು, ಏರಿತು, ಕಿರುಚುತ್ತಲೇ ಕೆಳಗೆ ಬಂತು. ಧಡಾರ್! ನೆಲ ನಡುಗಿತು. ಲಟಲಟನೆ ಮುರಿದ ಒಂದೊಂದು ಮರವೂ ಯಾವುದು ಅಂತ ಮೇಸ್ತ್ರಿಗೆ ಕಣ್ಣುಮುಚ್ಚಿ ಹೇಳಲು ಬರುತ್ತಿತ್ತು.

ಅಷ್ಟೇ ಅವರ ಕೈಲಾದದ್ದು. ಅಳಿಯನಿಗೆ ಮೂವತ್ತನಾಲ್ಕು, ಇವರಿಗೆ ಅರವತ್ತೊಂದು. ಅವನು ಕೊರಳಿನಿಂದ ರಿಮೋಟು ಕಿತ್ತು ಅದರಿಂದಲೇ ಇವರ ಮುಖಕ್ಕೆ ಬಾರಿಸಿದ. ಮೂಗಿನ ಎಲುಬು ಮುರಿದದ್ದು ಇವರಿಗೇ ಕೇಳಿಸಿತು. ಬಿದ್ದವರ ಪಕ್ಕೆಗೆ ಒದ್ದ, ಒದ್ದ ಜಾಗಕ್ಕೇ ಮತ್ತೆ ಒದ್ದ. "ಮುದುಕಾ! ಮೂರು ವರ್ಷ ನಂದೂ ಹೋಯ್ತಲ್ಲೋ, ನಂದೂ!" ಎಂದು ಮೈಮೇಲೆ ಬಂದವನ ಹಾಗೆ ಅರಚುತ್ತ ಎದೆಯ ಮೇಲೆ ಕೂತು ಕತ್ತು ಅದುಮಿದ. ಮೇಸ್ತ್ರಿಗೆ ಕಣ್ಣು ಕತ್ತಲೆ ಬಂತು. ಬಾಯಲ್ಲಿ ಎರಡು ಹಲ್ಲು ಸಡಿಲವಾಗಿ ಓಡಾಡುತ್ತಿದ್ದವು.

ಆಗ ಮಗಳು ಬಂದಳು. ಕೈಯಲ್ಲಿ ಬಾಲ ಕಟ್ಟುವ ಕಬ್ಬಿಣದ ಗೂಟ. ಗಂಡನ ಬಲಗೈ ಮೇಲೆ ಎರಡೂ ಕೈಯಿಂದ ಎತ್ತಿ ಹೊಡೆದಳು. ಅವನ ಹಿಡಿತ ಬಿಟ್ಟಿತು. ಪಕ್ಕಕ್ಕೆ ಉರುಳಿ, ಕೈ ನೆಲಕ್ಕೆ ಊರಿದ. ಊರಿದ ಕೈಗೇ ಇನ್ನೊಂದು ಕೊಟ್ಟಳು. ಮಣಿಕಟ್ಟು ಬಾಗಬಾರದ ಕಡೆಗೆ ಬಾಗಿತು. ಮೂರನೆಯದನ್ನು ತಲೆಗೆ ಗುರಿಯಿಟ್ಟು ಎತ್ತಿದ್ದಳು, ಕನ್ನಡಕದಂಗಡಿಯವರು ಓಡಿಬಂದು ತೋಳು ಹಿಡಿದರು. "ಬೇಡಮ್ಮ, ಸತ್ತು ಹೋಗ್ತಾನೆ, ಬೇಡ!"

ಅಳಿಯ ಮುರಿದ ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ನೆಲದಲ್ಲಿ ಹೊರಳಿದ. ಬಾಯಿಂದ ರಕ್ತ, ಜೊಲ್ಲು, ಅದರ ಜೊತೆ ಮಾತು. "ನನ್ನೊಬ್ಬನಿಗೇ ಯಾಕೆ ಹೊಡೀತೀಯ? ನಿಮ್ಮಪ್ಪನ್ನ ಕೇಳು! ಎಂಟು ತಿಂಗಳಿಂದ ಗೊತ್ತು ಅವನಿಗೆ. ಇಸ್ತ್ರಿ ಹಾಕ್ತಿದ್ದಾಗ ನಿನ್ನ ತೋಳು ನೋಡಿದ್ನಂತೆ. ಅವತ್ತೇ ಸಂಜೆ ನಂಗೆ ಏನಂದ ಗೊತ್ತಾ? 'ಸ್ವಲ್ಪ ತಾಳ್ಮೆ ಇರಲಿ ಅಳಿಯಂದ್ರೇ' ಅಂದ. ಅಂದು, ಎಂಜಿನ್ ಬೋಲ್ಟ್ ತಂದುಕೊಟ್ಟ!"

ಮಗಳು ಗೂಟವನ್ನು ಕೆಳಗೆ ಹಾಕಿ ಅಪ್ಪನ ಪಕ್ಕ ಮಂಡಿಯೂರಿದಳು.

"ಹೌದಾ ಅಪ್ಪ?"

ಸುಳ್ಳು ಹೇಳಬಹುದಿತ್ತು. ಅವನ ಮಾತಿಗಿಂತ ಅಪ್ಪನ ಮಾತು ಹೆಚ್ಚು, ನಂಬುತ್ತಿದ್ದಳು. ಮೇಸ್ತ್ರಿ ರಕ್ತ ಉಗಿದು, ಹೌದು ಅಂತ ತಲೆ ಆಡಿಸಿದರು. "ತಪ್ಪಾಯ್ತು ಮಗಳೇ. ಹಾರಿಬಿಡಲಿ, ಆಮೇಲೆ ಕೇಳೋಣ ಅಂತ… ಈಗ ಮನೆಗೆ ಬಾ. ನಮ್ಮನೆಗೆ. ನಾನು ನೋಡ್ಕೋತೀನಿ ನಿನ್ನ."

ಅವಳು ತನ್ನ ದುಪಟ್ಟಾದ ತುದಿಯಿಂದ ಅವರ ಮುಖ ಒರೆಸಿದಳು. ಮೂಗನ್ನು ನೋವಾಗದ ಹಾಗೆ, ಆಮೇಲೆ ತುಟಿಯನ್ನು, ಗದ್ದವನ್ನು. ಒರೆಸಿ ಎದ್ದಳು.

"ಅವರು ಹೊಡೀತಿದ್ದಿದ್ದು ಸಿಟ್ಟು ಬಂದಾಗ ಅಪ್ಪ" ಎಂದಳು. "ನೀನು ಸಮಾಧಾನವಾಗಿದ್ದುಕೊಂಡೇ ಎಂಟು ತಿಂಗಳು ಸುಮ್ಮನಿದ್ದೆಯಲ್ಲ."

ಆಮೇಲೆ ಕನ್ನಡಕದಂಗಡಿಯವರನ್ನು, ಮೊದಲು ಇವರಿಬ್ಬರಿಗೂ ಆಂಬುಲೆನ್ಸ್ ಕರೆಸಿ, ಅದು ಬಂದ ಮೇಲೆ ನನ್ನನ್ನು ಚಿಕ್ಕಮ್ಮನ ಮನೆಗೆ ಬಿಡ್ತೀರಾ ಅಂತ ಕೇಳಿದಳು. ಅವರು ಹೂಂ ಎಂದರು. ಅವಳು ಹೋಗಿ ಅವರ ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು. ಮೇಸ್ತ್ರಿ ಬೇಡ ಅನ್ನಲಿಲ್ಲ. ಯಾವ ಬಾಯಲ್ಲಿ ಅನ್ನುವುದು?