ಗುಂಡಿ ಎಲ್ಲಿದೆ ತೋರಿಸು, ಡೆನ್ನಿಸ್

ಊರ ಮೈದಾನ ಎಲ್ಲರದ್ದು. ಎಲ್ಲರದ್ದು ಆದ್ದರಿಂದಲೇ ಅಲ್ಲಿ ಜಗಳವೂ ಹೆಚ್ಚು. ನಾಯಿ ಅಡ್ಡಾಡಿಸುವವರಿಗೂ ಚೆಂಡಾಡುವವರಿಗೂ ಆಗುವುದಿಲ್ಲ. ಬೆಂಚಿನ ಮೇಲೆ ಕೂರುವ ಹಿರಿಯರಿಗೂ ಅದರ ಕೆಳಗೆ ಚಿಪ್ಸ್ ಪೊಟ್ಟಣ ಎಸೆಯುವವರಿಗೂ ಆಗುವುದಿಲ್ಲ. ನಮ್ಮ ಎಲ್ಮ್‌ಸ್ಟೋ ಊರಿಗೆ ಇವೆಲ್ಲ ಹಳೆಯ ಜಗಳಗಳು. ಎರಡು ವರ್ಷದ ಹಿಂದೆ ಹೊಸದೊಂದು ಬಂತು. ಅದನ್ನು ತಂದವಳು ಮೇವಿಸ್ ಕೆರಿಜ್.

ಮೇವಿಸ್ ನಮ್ಮ ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾದವಳು. ಊರಿನ ಅರ್ಧ ಜನ ಅವಳ ಕೈಯ ಕಸ್ಟರ್ಡ್ ತಿಂದು ಬೆಳೆದವರು. ಮಂಡಿನೋವಿಗೆ ದಿನಾ ನಡೆಯಬೇಕು ಎಂದು ಡಾಕ್ಟರು ಹೇಳಿದ್ದರು. ಸುಮ್ಮನೆ ನಡೆಯುವುದು ಅವಳಿಗೆ ಒಗ್ಗದು. ಯಾರೋ ಬಳಸಿ ಬಿಟ್ಟಿದ್ದ ಲೋಹ ಹುಡುಕುವ ಯಂತ್ರವೊಂದನ್ನು ಕೊಂಡು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಬೆಳಿಗ್ಗೆ ಬೆಳಿಗ್ಗೆ ಮೈದಾನಕ್ಕೆ ಇಳಿದಳು. ಯಂತ್ರ ಕೂಗಿದಲ್ಲಿ ತೋಡುವುದು, ಸಿಕ್ಕಿದ್ದನ್ನು ಜೇಬಿಗೆ ಹಾಕುವುದು, ಮಣ್ಣನ್ನು ಕಾಲಿನಿಂದ ಎಳೆದು ಮುಚ್ಚುವುದು. ಸಿಕ್ಕಿದ್ದಾದರೂ ಏನು? ಬಿಯರ್ ಬಾಟಲಿಯ ಮುಚ್ಚಳ, ಡೇರೆಯ ಗೂಟ, ಚಕ್ರ ಕಳೆದುಕೊಂಡ ಆಟದ ಕಾರು.

ಅದೇ ಮೈದಾನದ ಹುಲ್ಲನ್ನು ಮೂವತ್ತು ವರ್ಷದಿಂದ ಸಂಬಳವಿಲ್ಲದೆ ನೋಡಿಕೊಳ್ಳುತ್ತಿರುವವನು ಡೆನ್ನಿಸ್ ಕ್ಯಾಚ್‌ಪೋಲ್. ಕ್ರಿಕೆಟ್ ಪಿಚ್‌ಗೆ ರೋಲರ್ ಎಳೆಯುವವನೂ ಅವನೇ. ಅವನ ಹೆಂಡತಿ ಗ್ಲೆನಿಸ್ ಹೇಳುವುದುಂಟು: "ನನ್ ತಲೆ ಪೂರ್ತಿ ಬೋಳಾದ್ರೂ ನಮ್ಮನೆಯವ್ರಿಗೆ ಗೊತ್ತಾಗಲ್ಲ. ಅಲ್ಲೊಂದು ಎಳೆ ಹುಲ್ಲು ಹಳದಿಯಾದ್ರೆ ಊಟ ಸೇರಲ್ಲ."

ಮೇ ತಿಂಗಳ ಒಂದು ಶನಿವಾರ, ಪಕ್ಕದೂರಿನವರ ಜೊತೆ ಪಂದ್ಯ ನಡೆದಿತ್ತು. ನಮ್ಮ ಅಂಚೆಯಣ್ಣ ಟ್ರೆವರ್ ಕ್ಯಾಚ್ ಹಿಡಿಯಲು ಓಡಿದವನು ಬೌಂಡರಿಯ ಹತ್ತಿರ ಮುಗ್ಗರಿಸಿ ಬಿದ್ದ. ಮೇಲೆ ಹುಲ್ಲು, ಒಳಗೆ ಪೊಳ್ಳು. ಕಾಲು ಹೂತು ಪಾದದ ಕೀಲು ಉಳುಕಿತು. ಕೆಲವು ವಾರ ಊರಿನ ಪತ್ರಗಳನ್ನು ಬೇರೆ ಊರಿನವರು ಬಂದು ಹಂಚಬೇಕಾಯಿತು, ಅದೂ ತಪ್ಪು ತಪ್ಪು ಮನೆಗಳಿಗೆ.

ಸೋಮವಾರ ಬೆಳಿಗ್ಗೆ ಡೆನ್ನಿಸ್ ಮೈದಾನಕ್ಕೆ ಬಂದಾಗ ಮೇವಿಸ್ ಅಲ್ಲೇ ಇದ್ದಳು. ಎರಡು ಸಲ ಕೂಗಿದ. ಹೆಡ್‌ಫೋನಿನಲ್ಲಿ ಅವಳಿಗೆ ಕೇಳಿಸಲಿಲ್ಲ. ಎದುರಿಗೆ ಹೋಗಿ ನಿಂತ.

"ಟ್ರೆವರ್ ಬಿದ್ದಿದ್ದು ಗೊತ್ತಾಯ್ತಾ?"

"ಗೊತ್ತಾಯ್ತು. ಪಾಪ."

"ಪಾಪ ಅಂತೆ. ನೀನ್ ತೋಡಿದ ಗುಂಡಿಗೇ ಬಿದ್ದಿದ್ದು."

"ನಾನು ಮುಚ್ಚಿದ್ದೆ, ಡೆನ್ನಿಸ್."

"ಮುಚ್ಚಿದ್ದೆ. ನಿನ್ ಕಸ್ಟರ್ಡ್ ಮೇಲೆ ಕೆನೆ ಕಟ್ಟುತ್ತಲ್ಲ, ಹಾಗೆ ಮುಚ್ಚಿದ್ದೆ. ನೋಡೋಕೆ ಗಟ್ಟಿ, ಚಮಚ ಇಟ್ರೆ ಸೀದಾ ತಳಕ್ಕೆ."

ಕಸ್ಟರ್ಡ್ ವಿಷಯಕ್ಕೆ ಬಂದರೆ ಮೇವಿಸ್ ಸುಮ್ಮನಿರುವವಳಲ್ಲ. "ಇದು ಊರಿನ ಜಾಗ. ನಿಮ್ಮಪ್ಪನ ಆಸ್ತಿ ಅಲ್ಲ."

"ನಿಮ್ಮಪ್ಪಂದೂ ಅಲ್ಲ," ಎಂದ ಡೆನ್ನಿಸ್. ಯಂತ್ರವನ್ನು ಅವಳ ಕೈಯಿಂದ ಕಿತ್ತುಕೊಂಡು, ರೋಲರ್ ಇಡುವ ಕೊಟ್ಟಿಗೆಗೆ ಹಾಕಿ ಬೀಗ ಜಡಿದ.

ಸಂಜೆಯ ಹೊತ್ತಿಗೆ ಊರು ಎರಡಾಯಿತು. ಪಬ್‌ನಲ್ಲಿ ಕಿಟಕಿಯ ಕಡೆ ಕೂತವರು ಮೇವಿಸ್ ಪಕ್ಷ, ಬೆಂಕಿಗೂಡಿನ ಕಡೆಯವರು ಡೆನ್ನಿಸ್ ಪಕ್ಷ. ಮೇವಿಸ್ ಪೊಲೀಸರಿಗೆ ಹೇಳುತ್ತೇನೆ ಎಂದಳು. ಯಂತ್ರ ಹಿಡಿದವರು ಯಾರೇ ಬರಲಿ, ಅಟ್ಟಿಸಿಕೊಂಡು ಹೋಗುತ್ತೇನೆ ಎಂದು ಡೆನ್ನಿಸ್ ಹೇಳಿದ. ನಲವತ್ತು ವರ್ಷದ ನೆರೆಹೊರೆ. ಮುಖ ಕಂಡರೆ ಮುಖ ತಿರುಗಿಸುವಂತಾಯಿತು.

ಮನೆಯಲ್ಲಿ ಗ್ಲೆನಿಸ್ ಗಂಡನನ್ನು ಕೇಳಿದಳು. "ಅವಳು ಗುಂಡಿ ಬಿಟ್ಟಿದ್ದು ತಪ್ಪು, ಒಪ್ಪಿದೆ. ನೀನು ಅವಳ ಸಾಮಾನು ಕಿತ್ಕೊಂಡು ಬೀಗ ಹಾಕಿದ್ದೀಯಲ್ಲ, ಅದಕ್ಕೇನಂತಾರೆ?"

"ಜಪ್ತಿ ಅಂತಾರೆ."

"ಜಪ್ತಿ ಮಾಡೋಕೆ ನೀನೇನ್ ಕೋರ್ಟಾ? ಕಳ್ಳತನ ಅಂತಾರೆ."

ಗ್ಲೆನಿಸ್ ಮಾರನೆಯ ದಿನ ಜಿಲ್ಲೆಯ ಪುರಾತತ್ವ ಕಚೇರಿಗೆ ಫೋನು ಮಾಡಿದಳು. ಜನ ನೆಲದಲ್ಲಿ ಸಿಕ್ಕ ಹಳೆಯ ವಸ್ತು ತಂದು ತೋರಿಸಿದರೆ, ನೋಡಿ, ಗುರುತಿಸಿ, ದಾಖಲು ಮಾಡುವ ಅಧಿಕಾರಿ ಅಲ್ಲಿದ್ದಾರೆ. ಬ್ರಿಜೆಟ್ ಎಂದು ಅವರ ಹೆಸರು. ಭಾನುವಾರ ಅವರು ಗ್ಲೆನಿಸ್ ಮನೆಗೆ ಚಹಾಕ್ಕೆ ಬಂದರು. ಮೇವಿಸಳನ್ನೂ ಕರೆದಿದ್ದಳು ಗ್ಲೆನಿಸ್. ಡೆನ್ನಿಸ್ ಇರುತ್ತಾನೆಂದು ಮಾತ್ರ ಹೇಳಿರಲಿಲ್ಲ.

ಅಡುಗೆಮನೆಯ ಮೇಜಿನ ಆ ಕಡೆ ಒಬ್ಬರು, ಈ ಕಡೆ ಒಬ್ಬರು. ನಡುವೆ ಕೇಕು.

"ಮೇವಿಸ್, ಮೈದಾನ ಯಾರದ್ದು ಹೇಳಿ?" ಬ್ರಿಜೆಟ್ ಕೇಳಿದರು.

"ಎಲ್ಲರದ್ದು."

"ನಡೆಯೋಕೆ, ಆಡೋಕೆ ಎಲ್ಲರದ್ದು. ಆದ್ರೆ ಭೂಮಿ ಪಂಚಾಯಿತಿ ಹೆಸರಲ್ಲಿದೆ. ಯಂತ್ರ ಆಡಿಸೋದಕ್ಕೂ ತೋಡೋದಕ್ಕೂ ಅವರ ಅನುಮತಿ ಬೇಕು. ಬಾಯಿ ಮಾತಲ್ಲಿ ಅಲ್ಲ, ಬರವಣಿಗೆಯಲ್ಲಿ."

"ನಾನ್ ಹೇಳ್ಲಿಲ್ವಾ," ಎಂದ ಡೆನ್ನಿಸ್.

"ನಿಮ್ಮ ಸರದಿಯೂ ಬರುತ್ತೆ, ಇರಿ. ಅನುಮತಿ ಇಲ್ಲ ಅಂತ ಅನಿಸಿದ್ರೆ ಕೇಳ್ಬಹುದು. ಪಂಚಾಯಿತಿಗೆ ಹೇಳ್ಬಹುದು. ಮಾತು ಕೇಳದೆ ಕದ್ದು ತೋಡ್ತಿದ್ರೆ ಪೊಲೀಸರಿಗೆ ಹೇಳ್ಬಹುದು. ಮೈಮೇಲೆ ಹೋಗೋ ಹಾಗಿಲ್ಲ. ವಸ್ತು ಕಿತ್ಕೊಳ್ಳೋ ಹಾಗಂತೂ ಇಲ್ಲವೇ ಇಲ್ಲ."

ಡೆನ್ನಿಸ್ ಕೇಕಿನ ಕಡೆ ನೋಡತೊಡಗಿದ.

ಮೇವಿಸ್ ಮೆಲ್ಲಗೆ ಕೇಳಿದಳು. "ಅಪ್ಪಿತಪ್ಪಿ ಬೆಲೆಬಾಳೋದು ಸಿಕ್ರೆ? ನಂದೇ ತಾನೆ?"

"ಅಲ್ಲ. ಹಳೇ ಚಿನ್ನ, ಬೆಳ್ಳಿ ಸಿಕ್ಕಿದ್ರೆ ಇಲ್ಲಿಯ ಕಾನೂನಿನ ಪ್ರಕಾರ ಎರಡು ವಾರದೊಳಗೆ ತಿಳಿಸ್ಲೇಬೇಕು. ಮುಚ್ಚಿಟ್ರೆ ಅಪರಾಧ. ಮಿಕ್ಕಿದ್ದು ಭೂಮಿ ಯಾರದ್ದೋ ಅವರದ್ದು. ಅದಕ್ಕೇ ಯಂತ್ರ ಹಿಡಿಯೋ ಮುಂಚೆನೇ ಪಂಚಾಯಿತಿ ಜೊತೆ ಮಾತಾಡಿ ಬರೆದುಕೊಳ್ಳಿ. ಸಿಕ್ಕಿದ ಮೇಲೆ ಮಾತಾಡೋಕೆ ಹೋದ್ರೆ ಅಣ್ಣ ತಮ್ಮಂದಿರ ಸಂಬಂಧವೂ ಉಳಿಯಲ್ಲ. ಇನ್ನೊಂದು, ಯುದ್ಧದ ಕಾಲದಲ್ಲಿ ಇಲ್ಲಿ ವಿಮಾನಗಳು ಇಳೀತಿದ್ವು. ಬಾಂಬಿನ ಹಾಗೆ ಏನಾದ್ರೂ ಕಂಡ್ರೆ ಮುಟ್ಟಬೇಡಿ. ದೂರ ಬಂದು ಪೊಲೀಸರಿಗೆ ಫೋನ್ ಮಾಡಿ."

"ಇಷ್ಟೆಲ್ಲಾ ಮಾಡಿ ನನಗೇನ್ ಲಾಭ?"

"ಗುರುತು ಹಾಕಿ ತೋರಿಸಿದ್ರೆ ಅಂಗಿಯ ಒಂದು ಮುರುಕು ಗುಂಡಿಯೂ ಊರಿನ ಕಥೆ ಹೇಳುತ್ತೆ. ಜೇಬಲ್ಲಿ ಸೇರಿದ್ರೆ ಅದು ಬರೀ ತಗಡು."

ಡೆನ್ನಿಸ್ ಕೆಮ್ಮಿದ. "ಕಾಗದ ಏನ್ ಬೇಕಾದ್ರೂ ಕೊಡ್ಲಿ. ನನ್ ಹುಲ್ಲಿನ ಗತಿ ಏನು? ತೋಡಿದ ಮೇಲೆ ಹುಲ್ಲು ಮೊದಲಿನ ಹಾಗೆ ಆಗೋದು ನಾನ್ ಕಂಡಿಲ್ಲ."

"ಆಗುತ್ತೆ," ಎಂದರು ಬ್ರಿಜೆಟ್. "ನಾನ್ ಕಲಿಸ್ತೀನಿ."

"ಆಗಲ್ಲ."

"ಪಂದ್ಯ ಕಟ್ಟು," ಎಂದಳು ಗ್ಲೆನಿಸ್. "ಮೇವಿಸ್ ಕಲೀಲಿ. ಕಲಿತ ಮೇಲೆ ಎಲ್ಲರೆದುರು ಒಂದು ಗುಂಡಿ ತೋಡಿ ಮುಚ್ಚಲಿ. ನೀನು ಹುಡುಕು. ಸಿಕ್ಕಿದ್ರೆ ಅವಳು ಯಂತ್ರ ಎತ್ತಿಡಲಿ. ಸಿಗದಿದ್ರೆ ಅವಳ ಪರವಾಗಿ ನೀನೇ ಪಂಚಾಯಿತಿಗೆ ಹೇಳ್ಬೇಕು."

ಡೆನ್ನಿಸ್ ನಕ್ಕುಬಿಟ್ಟ. ಆ ಮೈದಾನದಲ್ಲಿ ತನ್ನ ಕಣ್ಣಿಗೆ ತಪ್ಪುವ ಗುಂಡಿಯೇ? ಆಗಲಿ ಎಂದ. ಆ ಸಂಜೆಯೇ ಯಂತ್ರವನ್ನು ಒರೆಸಿ ಮೇವಿಸಳ ಬಾಗಿಲಿಗೆ ತಂದುಕೊಟ್ಟ. "ಕಿತ್ಕೊಂಡಿದ್ದು ನನ್ ತಪ್ಪು" ಎಂದಷ್ಟೇ ಹೇಳಿ ಹೊರಟುಹೋದ. ಮೇವಿಸ್ ಸೇಬಿನ ಪೈ ಮಾಡಿಕೊಂಡು ಟ್ರೆವರ್ ಮನೆಗೆ ಹೋಗಿ ತನ್ನ ತಪ್ಪನ್ನು ಒಪ್ಪಿಕೊಂಡು ಬಂದಳು.

ಬೇಸಗೆಯಿಡೀ ಮೇವಿಸ್ ಕಲಿತಳು. ಕಲಿಯಲು ಜಾಗ ಕೊಟ್ಟವಳು ಗ್ಲೆನಿಸ್, ಅದೂ ಡೆನ್ನಿಸ್ ಬೆಳೆಸಿದ ಹಿತ್ತಲ ಹುಲ್ಲಿನಲ್ಲಿ. ಮೊದಮೊದಲು ಹುಲ್ಲು ಒಣಗಿ ತೇಪೆ ತೇಪೆಯಾಯಿತು. ಡೆನ್ನಿಸ್ ಕಿಟಕಿಯಿಂದ ನೋಡಿ ಹಲ್ಲು ಕಚ್ಚಿಕೊಂಡ. ಬಿಸಿಲುಗಾಲದಲ್ಲಿ ಒಣ ನೆಲ ತೋಡಿದರೆ ಬೇರು ಸಾಯುತ್ತದೆ ಎಂಬುದು ಅವಳಿಗೆ ಹಾಗೆ ತಿಳಿಯಿತು.

ಅಕ್ಟೋಬರಿನಲ್ಲಿ ಕ್ರಿಕೆಟ್ ಮುಗಿದು, ನಾಲ್ಕು ಮಳೆ ಬಿದ್ದು ನೆಲ ಮೆತ್ತಗಾದ ಮೇಲೆ ಪರೀಕ್ಷೆ. ಅದೊಂದು ಸಲಕ್ಕೆ ಪಂಚಾಯಿತಿಯೇ ಒಪ್ಪಿಗೆ ಕೊಟ್ಟಿತ್ತು. ಪಂಚಾಯಿತಿಯವರೆಲ್ಲ ಮೈದಾನದ ಅಂಚಿಗೆ ಬಂದರು. ಪಬ್‌ನ ಎರಡೂ ಕಡೆಯವರು ಬಂದರು. ಟ್ರೆವರನೂ ಬಂದ. ಡೆನ್ನಿಸನನ್ನು ಆಚೆ ಮುಖ ಮಾಡಿ ನಿಲ್ಲಿಸಿದರು.

ಮೇವಿಸ್ ಯಂತ್ರ ಆಡಿಸಿದಳು. ಕೂಗಿದ ಜಾಗದಲ್ಲಿ ಮೂರು ಕಡೆ ಮಾತ್ರ ಕತ್ತರಿಸಿ, ನಾಲ್ಕನೆಯ ಕಡೆ ಬೇರು ಬಿಡಿಸದೆ, ಪುಸ್ತಕದ ರಟ್ಟು ತೆರೆದಂತೆ ಹುಲ್ಲನ್ನು ಮಗುಚಿದಳು. ಮಣ್ಣನ್ನು ಹುಲ್ಲಿನ ಮೇಲೆ ಸುರಿಯದೆ ಪ್ಲಾಸ್ಟಿಕ್ ಹಾಳೆಯ ಮೇಲೆ ಹಾಕಿದಳು. ತುಕ್ಕು ಹಿಡಿದ ಮೊಳೆಯೊಂದು ಸಿಕ್ಕಿತು. ಅದನ್ನು ಕಸದ ಚೀಲಕ್ಕೆ ಹಾಕಿ, ಹಾಳೆಯ ಮಣ್ಣನ್ನು ಒಂದು ಹಿಡಿಯೂ ಬಿಡದೆ ಒಳಕ್ಕೆ ತುಂಬಿ, ಒತ್ತಿ, ಹುಲ್ಲು ಮಡಿಸಿ, ಮತ್ತೆ ಒತ್ತಿದಳು. ಬೆರಳಿನಿಂದ ಎಳೆಗಳನ್ನು ಬಾಚಿದಳು. ಎದ್ದು ದೂರ ಸರಿದು ನಿಂತಳು.

"ತಿರುಗು ಈಗ. ಗುಂಡಿ ಎಲ್ಲಿದೆ ತೋರಿಸು, ಡೆನ್ನಿಸ್."

ಡೆನ್ನಿಸ್ ನಿಧಾನವಾಗಿ ನಡೆದ. ಬಗ್ಗಿ ನೋಡಿದ. ಮಂಡಿಯೂರಿ ಅಂಗೈಯಿಂದ ಹುಲ್ಲು ಸವರಿದ. ಒಂದು ಕಡೆ ಬೆರಳು ತೋರಿಸಿದ. ಬ್ರಿಜೆಟ್ ತಲೆಯಾಡಿಸಿದರು, ಅದಲ್ಲ. ಇನ್ನೂ ಹೊತ್ತು ನೋಡಿ ಇನ್ನೊಂದು ಕಡೆ ತೋರಿಸಿದ. ಅದೂ ಅಲ್ಲ. ಯಾರೂ ನಗಲಿಲ್ಲ. ಕೊನೆಗೆ ಅವನು ಸೊಂಟ ಹಿಡಿದುಕೊಂಡು ಎದ್ದು ನಿಂತ.

"ಸರಿ ಮಾರಾಯ್ತಿ. ಎಲ್ಲಿದೆ, ನೀನೇ ಹೇಳು."

"ಅದರ ಮೇಲೇ ನಿಂತಿದ್ದೀಯ."

ಡೆನ್ನಿಸ್ ಕೆಳಗೆ ನೋಡಿದ. ಹಿಮ್ಮಡಿಯಿಂದ ಒಮ್ಮೆ ಬಲವಾಗಿ ತುಳಿದ. ನೆಲ ಕುಸಿಯಲಿಲ್ಲ. ಟೋಪಿ ತೆಗೆದು ಪಂಚಾಯಿತಿಯ ಕಡೆ ತಿರುಗಿದ. "ಇವಳಿಗೆ ಕಾಗದ ಕೊಡಿ. ಚೆನ್ನಾಗಿ ಮಾಡಿದಾಳೆ." ಮೂವತ್ತು ವರ್ಷದಲ್ಲಿ ಆ ಮೈದಾನದ ಮೇಲೆ ಇನ್ನೊಬ್ಬರು ಮಾಡಿದ ಕೆಲಸವನ್ನು ಅವನು ಹೊಗಳಿದ್ದು ಅದೇ ಮೊದಲು. ಮೇವಿಸಳ ಕಣ್ಣು ತುಂಬಿತು. ಮಂಡಿ ನೋಯ್ತಿದೆ ಎಂದಳು.

ಪಂಚಾಯಿತಿ ಅನುಮತಿ ಕೊಟ್ಟಿತು, ಷರತ್ತುಗಳ ಜೊತೆ. ಪಿಚ್ ಹತ್ತಿರ ಹೋಗುವಂತಿಲ್ಲ. ಒಣ ತಿಂಗಳುಗಳಲ್ಲಿ ತೋಡುವಂತಿಲ್ಲ. ಸಿಕ್ಕ ಕಸವನ್ನು ಹೊತ್ತೊಯ್ಯಬೇಕು, ಸಿಕ್ಕ ಹಳೆಯ ವಸ್ತುವನ್ನು ಬ್ರಿಜೆಟ್‌ಗೆ ತೋರಿಸಬೇಕು, ಆಮೇಲೆ ಅದು ಊರಿಗೆ ಸೇರಬೇಕು. ಈ ಷರತ್ತುಗಳನ್ನು ಹಾಕಿಸಿದವರು ಮೇವಿಸ್ ಮತ್ತು ಡೆನ್ನಿಸ್, ಇಬ್ಬರೂ ಕೂತು.

ಮುಂದಿನ ಫೆಬ್ರವರಿಯಲ್ಲಿ, ಚರ್ಚಿನ ಕಡೆಯ ಬೇಲಿಯ ಹತ್ತಿರ, ಮೇವಿಸಳಿಗೆ ಹೆಬ್ಬೆರಳುಗಾತ್ರದ ಕಂಚಿನ ತುಂಡೊಂದು ಸಿಕ್ಕಿತು. ತುದಿಯಲ್ಲಿ ಒಂದು ಹೂವು, ಸುತ್ತ ಏನೋ ಅಕ್ಷರ. ಅವಳು ಉಜ್ಜಲಿಲ್ಲ, ತೊಳೆಯಲಿಲ್ಲ. ಜಾಗಕ್ಕೆ ಗುರುತು ಹಾಕಿ ಬ್ರಿಜೆಟ್‌ಗೆ ಫೋನು ಮಾಡಿದಳು.

ಬ್ರಿಜೆಟ್ ಅದನ್ನು ಶುಚಿಗೊಳಿಸಿ ಊರಿನ ಸಭಾಂಗಣಕ್ಕೆ ತಂದ ದಿನ ಕೂರಲು ಜಾಗವಿರಲಿಲ್ಲ. ಅಸಲನ್ನು ಜೋಪಾನವಾಗಿಟ್ಟು, ಅದರ ಅಚ್ಚಿನಿಂದ ಮಾಡಿದ ನಕಲನ್ನು ಮಕ್ಕಳ ಆಟದ ಜೇಡಿಮಣ್ಣಿನ ಮೇಲೆ ಒತ್ತಿದರು. ತಿರುಗುಮುರುಗಾಗಿದ್ದ ಅಕ್ಷರಗಳು ಸರಿಯಾಗಿ ಮೂಡಿದವು.

"ಇದು ಮುದ್ರೆ. ಸುಮಾರು ಏಳುನೂರೈವತ್ತು ವರ್ಷ ಹಳೇದು. 'ಆಲಿಸ್, ರಾಬರ್ಟನ ಮಗಳು' ಅಂತ ಬರೆದಿದೆ."

"ಹೆಂಗಸಿನ ಮುದ್ರೆಯಾ?" ಮೇವಿಸ್ ಕೇಳಿದಳು.

"ಹೌದು. ಜಮೀನು ಕೊಟ್ಟಾಗಲೋ ಮಾರಿದಾಗಲೋ ಪತ್ರಕ್ಕೆ ಅಂಟಿಸಿದ ಮೇಣದ ಮೇಲೆ ಒತ್ತಿರ್ತಾಳೆ. ಆಲಿಸ್ ಅನ್ನೋಳು ಇಲ್ಲಿ ಓಡಾಡಿದ್ಲು ಅನ್ನೋದಕ್ಕೆ ಇದೊಂದೇ ಸಾಕ್ಷಿ. ಸಿಕ್ಕಿದ ಜಾಗ ನೀವು ಗುರುತು ಮಾಡದಿದ್ರೆ ಅವಳು ಯಾವ ಊರಿಗೂ ಸೇರ್ತಿರಲಿಲ್ಲ."

ರಾಜರ ಹೆಸರು, ಬಿಷಪ್ಪರ ಹೆಸರು ನಮಗೆಲ್ಲ ಗೊತ್ತಿತ್ತು. ನಮ್ಮೂರ ಮಣ್ಣಿನ ಒಬ್ಬ ಹೆಣ್ಣುಮಗಳ ಹೆಸರು ಅಂದು ಮೊದಲ ಸಲ ತಿಳಿಯಿತು. ಗಾಜಿನ ಪೆಟ್ಟಿಗೆಯೊಳಗೆ ಅವಳು ಈಗ ಸಭಾಂಗಣದ ಬಾಗಿಲಲ್ಲೇ ಇದ್ದಾಳೆ. ಕೆಳಗಿನ ಚೀಟಿಯಲ್ಲಿ 'ಕಂಡುಹಿಡಿದವರು ಮೇವಿಸ್ ಕೆರಿಜ್, ನೆಲ ಕಾಯ್ದವರು ಡೆನ್ನಿಸ್ ಕ್ಯಾಚ್‌ಪೋಲ್' ಎಂದಿದೆ. ಎರಡನೆಯ ಹೆಸರು ಹಾಕಿಸಿದವಳು ಮೇವಿಸ್.

ಸುದ್ದಿ ಹರಡಿದರೆ ಹೊರಗಿನವರು ಬರುವುದೂ ಸಹಜ. ಏಪ್ರಿಲ್‌ನಲ್ಲಿ ಪಕ್ಕದ ಜಿಲ್ಲೆಯ ಗಂಡ ಹೆಂಡತಿ ಎರಡು ಯಂತ್ರ ಹಿಡಿದು ಮೈದಾನಕ್ಕೆ ಇಳಿದರು. ಡೆನ್ನಿಸ್ ರೋಲರ್ ನಿಲ್ಲಿಸಿ ಅವರ ಬಳಿ ಹೋದ. ಬೆಂಚಿನ ಮೇಲಿದ್ದ ಗ್ಲೆನಿಸ್ ಗಾಬರಿಯಿಂದ ಎದ್ದೇಬಿಟ್ಟಳು.

"ನಮಸ್ಕಾರ. ಪಂಚಾಯಿತಿ ಅನುಮತಿ ತಗೊಂಡಿದೀರಾ?" ಡೆನ್ನಿಸ್ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ.

"ಸಾರ್ವಜನಿಕ ಜಾಗ ಅಲ್ವಾ ಇದು? ಯಾರನ್ನ ಕೇಳ್ಬೇಕು?"

"ಸಾರ್ವಜನಿಕ ಅಂದ್ರೆ ಯಜಮಾನರಿಲ್ಲ ಅಂತಲ್ಲ. ಯಜಮಾನರು ಬಹಳ ಜನ ಅಂತ. ಅವರ ಪರವಾಗಿ ಕೇಳ್ತಿದೀನಿ. ಕಚೇರಿ ಮಂಗಳವಾರ ತೆಗೀತಾರೆ. ಅರ್ಜಿ ಕೊಡಿ. ಕೊಡದೆ ತೋಡಿದ್ರೆ ನಾನು ಜಗಳ ಆಡಲ್ಲ, ಫೋನ್ ಮಾಡ್ತೀನಿ."

ಅವರು ಮುಖ ಮುಖ ನೋಡಿಕೊಂಡು ಯಂತ್ರ ಆರಿಸಿದರು. ತಪ್ಪಾಯಿತು, ಗೊತ್ತಿರಲಿಲ್ಲ ಎಂದರು.

"ಇಷ್ಟು ದೂರ ಬಂದಿದೀರಿ, ಬರಿಗೈಲಿ ಯಾಕ್ ಹೋಗ್ತೀರ," ಎಂದ ಡೆನ್ನಿಸ್. "ಬನ್ನಿ, ನಮ್ಮೂರ ಆಲಿಸಳನ್ನ ತೋರಿಸ್ತೀನಿ." ಎದೆ ಸೆಟೆಸಿ ಅವರ ಮುಂದೆ ಮುಂದೆ ಸಭಾಂಗಣದ ಕಡೆ ನಡೆದ.

ಇದನ್ನು ಓದುತ್ತಿರುವ, ಕೇಳುತ್ತಿರುವ ನೀವು ಯಂತ್ರ ಹಿಡಿದವರಾಗಿದ್ದರೆ, ಆ ನೆಲ ಯಾರ ಹೆಸರಲ್ಲಿದೆ, ನಿಮ್ಮ ಕಡೆಯ ಕಾನೂನು ಏನು ಹೇಳುತ್ತದೆ ಎಂದು ಮೊದಲು ವಿಚಾರಿಸಿ. ಕೆಲವು ಕಡೆ ಅನುಮತಿ ಸಿಗುವುದೇ ಇಲ್ಲ, ಆಗ ಯಂತ್ರ ಮನೆಯಲ್ಲೇ ಇರಲಿ. ನೀವು ನೋಡಿ ಸಿಟ್ಟಾದವರಾಗಿದ್ದರೆ, ಕೈ ಬೆನ್ನ ಹಿಂದಿರಲಿ, ಮಾತು ಮುಂದಿರಲಿ. ಗುಂಡಿಗೆ ಬಿದ್ದವರ ಕಾಲು ವಾರಗಳಲ್ಲಿ ವಾಸಿಯಾಗುತ್ತದೆ, ನೆರೆಯವರ ಮನಸ್ಸು ಮುರಿದರೆ ಅಷ್ಟು ಬೇಗ ಕೂಡುವುದಿಲ್ಲ. ನೆಲದಡಿ ಇರುವುದು ನಮಗಿಂತ ಮುಂಚೆ ಬದುಕಿದವರದ್ದು, ನಮ್ಮ ನಂತರ ಬರುವವರದ್ದು. ಕೇಳಿ ತೋಡಿ. ತೋಡಿದ್ದನ್ನು ಮುಚ್ಚಿ. ಸಿಕ್ಕಿದ್ದನ್ನು ಮಾತ್ರ ಎಂದೂ ಮುಚ್ಚಿಡಬೇಡಿ.