ರಿಪೇರಿ ಬೇಡ

“ವೈರ್ ಹುಡುಕಬೇಡಿ, ಅದು ಯಾವತ್ತೋ ಕಿತ್ತುಹೋಗಿದೆ,” ಎಂದ ಅಣ್ಣ.

ರೇಡಿಯೋದವನು ಊಟದ ಮೇಜಿನ ಮೇಲಿದ್ದ ಪೆಟ್ಟಿಗೆಯನ್ನು ಬೋರಲು ಹಾಕಿ, ಹಿಂಬದಿಯ ಸ್ಕ್ರೂ ಬಿಚ್ಚತೊಡಗಿದ. ಮುರುಕಿ ಅಮ್ಮ ಮಲಗಿದ್ದ ಒಳಕೋಣೆಯ ಬಾಗಿಲಿಗೆ ಹೋದಳು, ಅಲ್ಲಿಂದ ಕಿಟಕಿಗೆ ಬಂದಳು, ಕಿಟಕಿಯಿಂದ ಮತ್ತೆ ಮೇಜಿನ ಹತ್ತಿರ ಬಂದಳು. ಬಂದಾಗಿನಿಂದ ಅವಳು ಒಂದು ಕಡೆ ಕೂತಿರಲಿಲ್ಲ.

ಮನೆಗೆ ಬಣ್ಣ ಹೊಡೆಸಬೇಕೆಂದು ಅಣ್ಣ ಅಟ್ಟದ ಸಾಮಾನನ್ನೆಲ್ಲ ಕೆಳಗಿಳಿಸಿದ್ದ. ಅದರಲ್ಲಿ ಈ ರೇಡಿಯೋ ಸಿಕ್ಕಿತ್ತು. ನೋಡಿದರೆ ರೇಡಿಯೋ ಎನ್ನಿಸುವಂಥದ್ದಲ್ಲ. ಹಸಿರು ರೆಕ್ಸಿನ್ ಹೊದಿಸಿ, ಮೇಲೊಂದು ಹಿಡಿಕೆ, ಮುಂದೊಂದು ಮುಚ್ಚಳ ಇಟ್ಟ ಪುಟ್ಟ ಪೆಟ್ಟಿಗೆ. ಒಂದು ಜೊತೆ ಬಟ್ಟೆ ತುಂಬಿಕೊಂಡು ನೆಂಟರ ಮನೆಗೆ ಹೊರಡಬಹುದು. ಹಳೆಯದಕ್ಕೆ ಒಳ್ಳೆ ಬೆಲೆ ಬರುತ್ತದೆಂದು ಯಾರೋ ಅಣ್ಣನ ಕಿವಿಗೆ ಹಾಕಿದ್ದರು. “ಮುರುಕೀ, ನೀನು ಮುರಿದ ರೇಡಿಯೋ ನೋಡೋಕೆ ಇವತ್ತು ಹಳೇ ರೇಡಿಯೋ ರಿಪೇರಿ ಮಾಡಿ ಕೊಳ್ಳೋರೊಬ್ಬರು ಬರ್ತಾರೆ ಕಣೇ,” ಎಂದು ಫೋನಿನಲ್ಲಿ ನಕ್ಕಿದ್ದ. ಅವಳು ಅಂಗಡಿಗೆ ಅರ್ಧ ದಿನ ರಜೆ ಹೇಳಿ, ಸಿಕ್ಕ ಬಸ್ಸು ಹತ್ತಿ, ಬೆವರು ಒರೆಸಿಕೊಳ್ಳುತ್ತ ಬಂದಿದ್ದಳು.

ಅದು ಕೆಟ್ಟಾಗ ಅವಳಿಗೆ ಒಂಬತ್ತು ವರ್ಷವಿದ್ದೀತು. ಬೀದಿಗೆಲ್ಲ ಇದೊಂದೇ ರೇಡಿಯೋ. ಸಂಜೆಯಾದರೆ ಅಕ್ಕಪಕ್ಕದವರೆಲ್ಲ ಬಂದು ಜಗುಲಿ ತುಂಬುತ್ತಿದ್ದರು. ಅಪ್ಪ ನಡುವೆ ಕೂತು ಮುಚ್ಚಳ ತೆಗೆಯುತ್ತಿದ್ದ, ಹಿಂಬದಿಯನ್ನು ಮಾತ್ರ ಮಕ್ಕಳಿಗೆ ಮುಟ್ಟಗೊಡುತ್ತಿರಲಿಲ್ಲ. ಮುಚ್ಚಳ ತೆಗೆದರೆ ಹಾಡು, ಮುಚ್ಚಿದರೆ ಮೌನ, ಅದನ್ನು ಮಾಡಿದ್ದೇ ಹಾಗೆ. ಒಂದು ಮಧ್ಯಾಹ್ನ ಕದ್ದು ಕೇಳುತ್ತಿದ್ದವಳು ಅಪ್ಪನ ಚಪ್ಪಲಿ ಸದ್ದಿಗೆ ಹೆದರಿ ಮುಚ್ಚಳವನ್ನು ದಢಾರನೆ ಹಾಕಿದಳು. ಅಂದು ಸಂಜೆ ರೇಡಿಯೋ ಬಾಯಿ ಬಿಡಲಿಲ್ಲ. ಜಗುಲಿಯ ಮೇಲೆ ನೆರೆದಿದ್ದ ಅಷ್ಟೂ ಜನರ ಮುಂದೆ ಅಪ್ಪ ಅವಳ ಕಡೆ ಬೆರಳು ಮಾಡಿ, “ನಮ್ಮ ಮುರುಕಿ ಮುರಿದು ಹಾಕಿದಳು,” ಎಂದ. ಎಲ್ಲರೂ ಅವಳನ್ನು ನೋಡುತ್ತ ಎದ್ದುಹೋದರು. ಆ ಹೆಸರು ಮಾತ್ರ ಉಳಿಯಿತು.

ಕಾಲ ಕಳೆದಂತೆ ಅದು ಮುದ್ದಿನ ಹೆಸರೇ ಆಯಿತು ಅನ್ನಿ. ಕರೆಯುವವರಿಗೆ ಮುದ್ದು. ಅವಳೋ, ಅಂದಿನಿಂದ ಒಂದು ಡಬ್ಬಿಯ ಮುಚ್ಚಳವನ್ನೂ ಸದ್ದಾಗುವಂತೆ ಹಾಕಿದವಳಲ್ಲ. ಬಾಗಿಲು ಹಾಕಿದಳೋ ಇಲ್ಲವೋ ಎಂದು ತಾನೇ ಎದ್ದು ಹೋಗಿ ನೋಡಿಬರಬೇಕು ಎಂದು ಗಂಡ ಎಲ್ಲರೆದುರು ಗೋಳಾಡುತ್ತಿದ್ದ. ಗಾಜಿನ ಸಾಮಾನಿನ ಅಂಗಡಿಯಲ್ಲಿ ಪ್ಯಾಕಿಂಗ್ ಕೆಲಸ ಸಿಕ್ಕಿದ್ದೂ ಆ ಕೈಯ ನಯದಿಂದಲೇ. ಅರವತ್ತು ಹತ್ತಿರ ಬಂದರೂ ಎಲ್ಲಾದರೂ ಏನಾದರೂ ಬಿದ್ದ ಸದ್ದಾದರೆ ಅವಳು ಮೊದಲು ನೋಡುವುದು ತನ್ನ ಕೈಗಳನ್ನು.

“ವೈರ್ ಕಿತ್ತುಹೋಗಿಲ್ಲ ಸಾರ್, ಇದಕ್ಕೆ ವೈರ್ ಇರಲೇ ಇಲ್ಲ,” ಎಂದ ರೇಡಿಯೋದವನು. ಹಿಂಬದಿಯ ಹಲಗೆ ತೆಗೆದು, ಕಿರುಬೆರಳಿನಷ್ಟು ದಪ್ಪದ ನಾಲ್ಕು ಗಾಜಿನ ಬಲ್ಬಿನಂಥ ವಾಲ್ವುಗಳ ಮೇಲೆ ಟಾರ್ಚ್ ಬಿಟ್ಟು ನಂಬರು ಓದಿಕೊಂಡ. “ಟ್ರಾನ್ಸಿಸ್ಟರ್ ಬರೋಕೆ ಮುಂಚಿನ ಮಾಲು. ವಾಲ್ವ್ ಸೆಟ್, ಆದರೂ ಕೈಲಿ ಹಿಡ್ಕೊಂಡು ಓಡಾಡಬಹುದು. ಈ ಖಾಲಿ ಜಾಗ ಇದೆಯಲ್ಲ, ಇಲ್ಲಿ ಇಟ್ಟಿಗೆಯಂಥ ಬ್ಯಾಟರಿ ಕೂರ್ತಿತ್ತು. ವಾಲ್ವ್ ಬಿಸಿಯಾಗೋಕೆ ಒಂದೂವರೆ ವೋಲ್ಟು, ಮಿಕ್ಕಿದ್ದಕ್ಕೆ ತೊಂಬತ್ತು. ರೇಡಿಯೋ ಸಾಕೋದಕ್ಕಿಂತ ಆ ಬ್ಯಾಟರಿ ಸಾಕೋದೇ ಕಷ್ಟ ಆಗ್ತಿತ್ತಂತೆ, ಅಷ್ಟು ದುಬಾರಿ.”

ಮುರುಕಿ ನಿಂತಲ್ಲೇ ನಿಂತಳು. “ಬ್ಯಾಟರಿ ಮುಗಿದ್ರೆ?”

“ಮುಗಿದ್ರೆ ಗಪ್‌ಚುಪ್. ಹೊಸದು ಹಾಕೋವರೆಗೂ ಉಸಿರೆತ್ತಲ್ಲ.”

ಹಾಗಾದರೆ? ಹಾಗಾದರೆ ಅಂದು ಮುಗಿದದ್ದು ಬ್ಯಾಟರಿಯೋ? ಹೊಸದು ತರಲು ಕೈಲಾಗದೆ, ಅದನ್ನು ಬೀದಿಯವರ ಮುಂದೆ ಹೇಳಲು ನಾಲಗೆ ಬಾರದೆ, ಅಪ್ಪ ಕೈಗೆ ಸಿಕ್ಕ ಮಗುವಿನ ತಲೆಗೆ ಕಟ್ಟಿದನೋ? ಅಪ್ಪ ಹೋಗಿ ಎಷ್ಟೋ ಕಾಲವಾಯಿತು. ಕೇಳುವುದಾದರೆ ಈ ಪೆಟ್ಟಿಗೆಯನ್ನೇ ಕೇಳಬೇಕು.

“ಹೀಗೇ ಕೊಟ್ರೆ ಶೋಕೇಸ್ ಗೊಂಬೆಯ ರೇಟು,” ಎಂದು ರೇಡಿಯೋದವನು ಅಣ್ಣನಿಗೆ ಹೇಳುತ್ತಿದ್ದ. “ಮಾತಾಡಿದ್ರೆ ಅದರ ಮೂರರಷ್ಟು ಅಂತಿಟ್ಕೊಳಿ. ಒಂದೆರಡು ಕೆಪಾಸಿಟರ್ ಬದಲಾಯಿಸಿಬಿಡ್ತೀನಿ, ಆಮೇಲೆ ಪವರ್ ಕೊಡೋಣ.” ಚೀಲಕ್ಕೆ ಕೈಹಾಕಿ ಸೋಲ್ಡರಿಂಗ್ ಐರನ್ ತೆಗೆದ.

“ಅದನ್ನ ಒಳಗಿಡಿ,” ಎಂದಳು ಮುರುಕಿ. “ರಿಪೇರಿ ಬೇಡ.”

ರಿಪೇರಿಯವನನ್ನು ಕರೆಸಿ ರಿಪೇರಿ ಬೇಡ ಎನ್ನುವವರನ್ನು ಅವನು ತನ್ನ ಸರ್ವೀಸಿನಲ್ಲೇ ಕಂಡಿರಲಿಲ್ಲ. ಅಣ್ಣ, “ಏನೇ ಇದು ಹುಚ್ಚು? ಮೂರರಷ್ಟು ಅಂತಿದ್ದಾರೆ,” ಎಂದ.

“ಒಂದು ತಂತೀನೂ ಮುಟ್ಟಬಾರದು. ಬರೀ ಬ್ಯಾಟರಿ ಕೊಟ್ಟು ನೋಡಿ.”

“ಮೇಡಂ, ಹಾಗೆ ಕೊಟ್ಟು ಅದು ಸುಮ್ಮನಿದ್ರೆ ಏನೂ ಗೊತ್ತಾಗಲ್ಲ. ಇಷ್ಟು ವರ್ಷದಲ್ಲಿ ತಾನಾಗೇ ಕೆಟ್ಟಿರಬಹುದು.”

“ಗೊತ್ತು. ಮಾತಾಡಿದ್ರೆ ಮಾತ್ರ ಗೊತ್ತಾಗೋದು.”

ರೇಡಿಯೋದವನು ತಕರಾರಿಲ್ಲದೆ ಐರನ್ ಒಳಗಿಟ್ಟು, ಆಟಿಕೆಗೆ ಹಾಕುವಂಥ ಚೌಕದ ಒಂಬತ್ತು ವೋಲ್ಟಿನ ಬ್ಯಾಟರಿಗಳನ್ನು ಮೇಜಿನ ಮೇಲೆ ಸುರಿದ. ಒಂದರ ಬಾಯಿಗೆ ಇನ್ನೊಂದನ್ನು ಕಚ್ಚಿಸಿ ಹತ್ತು ಬ್ಯಾಟರಿಗಳ ಸರ ಮಾಡಿದ. ಬೇರೆಯಾಗಿ ಒಂದು ದಪ್ಪ ಟಾರ್ಚ್ ಸೆಲ್ ಜೋಡಿಸಿದ. ಎರಡು ಸಲ ಮೀಟರ್ ಇಟ್ಟು ನೋಡಿ, “ಇವೆರಡು ಅದಲುಬದಲಾದ್ರೆ ನಾಲ್ಕೂ ವಾಲ್ವು ಢಮಾರ್,” ಎಂದು ತನಗೆ ತಾನೇ ಹೇಳಿಕೊಂಡ. ಮುರುಕಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಸುತ್ತಿದಳು.

ರೇಡಿಯೋದವನು ಮುಚ್ಚಳ ತೆಗೆದ. ಏನೂ ಇಲ್ಲ.

ಅಣ್ಣ ಬಗ್ಗಿ ಒಳಗೆ ಇಣುಕಿದ. “ವಾಲ್ವು ಬೆಳಗ್ತಾನೇ ಇಲ್ವಲ್ಲ! ಸಾಲ್ತಿಲ್ಲ ಅನ್ಸುತ್ತೆ, ಇನ್ನೊಂದು ಸೆಲ್ ಸೇರಿಸಿ,” ಎನ್ನುತ್ತ ತಾನೇ ಒಂದು ಸೆಲ್ ಎತ್ತಿಕೊಂಡ. ತಾಳ್ಮೆ ಎಂಬುದು ಆ ಮನೆಯ ಗಂಡಸರಿಗೆ ಬರೆದಿರಲಿಲ್ಲ.

“ಮುಟ್ಟಬೇಡ!” ಮುರುಕಿ ಕಿರುಚಿದಳು. ಅಣ್ಣನ ಕೈ ಗಾಳಿಯಲ್ಲೇ ನಿಂತಿತು. ಅವಳು ಕಿರುಚಿದ್ದನ್ನು ಅವನು ಎಂದೂ ಕೇಳಿರಲಿಲ್ಲ.

“ಈ ಜಾತಿ ವಾಲ್ವು ಕಣ್ಣಿಗೆ ಕಾಣೋ ಹಾಗೆ ಬೆಳಗಲ್ಲ ಸಾರ್,” ಎಂದು ರೇಡಿಯೋದವನು ಸೆಲ್ಲನ್ನು ಮೆಲ್ಲಗೆ ಕಸಿದುಕೊಂಡ. “ಬೆಳಗಿದ್ರೆ ಸತ್ತಿತು ಅಂತ.” ಒಂದು ಗುಂಡಿ ತಿರುಗಿಸಿದ. ಇಡೀ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಸ್ಟೇಷನ್ ಸಿಗಲೆಂದು ಕಿಟಕಿಯ ಕಡೆಗೆ ಮುಖ ಮಾಡಿದ. ಗೋಡೆಯ ಕಡೆಗೆ ಮಾಡಿದ.

ಕರಕರ ಎಂದಿತು. ಆ ಕರಕರದ ಹಿಂದಿನಿಂದ, ಕೊಡದೊಳಗೆ ಮಾತಾಡಿದಂತೆ ಒಂದು ದನಿ ಬಂತು. ಯಾರೋ ನಾಳಿನ ಹವಾಮಾನ ಓದುತ್ತಿದ್ದರು.

ಮುರುಕಿ ಕುರ್ಚಿಯಲ್ಲಿ ಕೂತಳು. ನಾನು ಮುರಿದಿರಲಿಲ್ಲ. ಅದನ್ನು ಕೂಗಿ ಹೇಳಬೇಕೆನಿಸಿತು, ಆದರೆ ಜಗುಲಿಯಲ್ಲಿ ಕೂತಿದ್ದ ಆ ಜನರೆಲ್ಲ ಈಗ ಎಲ್ಲಿದ್ದಾರು? ಅಪ್ಪನ ಮೇಲೆ ಸಿಟ್ಟು ಬಂತು. ಬೆನ್ನಿಗೇ, ಅಷ್ಟು ಜನರ ನಡುವೆ ಸದ್ದಿಲ್ಲದ ಪೆಟ್ಟಿಗೆ ಹಿಡಿದು ಕೂತಿದ್ದ ಅವನ ಮುಖ ನೆನಪಾಗಿ ಅಯ್ಯೋ ಅನ್ನಿಸಿತು. ಹೋಗಲಿ, ಪಾಪ, ಎಂದು ಬಿಟ್ಟುಬಿಡಲು ಅವಳು ಸಿದ್ಧಳಾಗಿಯೇ ಇದ್ದಳು.

ಒಳಕೋಣೆಯಿಂದ ಅಮ್ಮನ ದನಿ ಕೇಳಿತು. ಹಾಸಿಗೆ ಹಿಡಿದು ಆರು ತಿಂಗಳಾದರೂ ಕಿವಿ ಚುರುಕಾಗಿತ್ತು.

“ನಮ್ಮ ರೇಡಿಯೋ ಅಲ್ವೇನೋ ಅದು? ಬ್ಯಾಟರಿ ಸಿಕ್ತಾ?”

ಮುರುಕಿ ಎದ್ದು ಒಳಗೆ ಹೋದಳು. ಅಮ್ಮ ದಿಂಬಿನಿಂದ ತಲೆ ಎತ್ತಿ, ಸಂತೋಷದಿಂದ ಬಾಗಿಲ ಕಡೆ ನೋಡುತ್ತಿದ್ದಳು.

“ನಿಂಗೆ ಗೊತ್ತಿತ್ತಾ?”

“ಏನು?”

“ಬ್ಯಾಟರಿ ಮುಗಿದಿತ್ತು ಅಂತ. ನಾನು ಮುರೀಲಿಲ್ಲ ಅಂತ.”

ಅಮ್ಮನ ಮುಖದಲ್ಲಿದ್ದ ಸಂತೋಷ ಮೆಲ್ಲಗೆ ಇಳಿಯಿತು. ತಲೆಯನ್ನು ದಿಂಬಿಗೆ ಒರಗಿಸಿದಳು. “ಹೊಸದು ತರೋ ಸ್ಥಿತಿ ಇರಲಿಲ್ಲ ಕಣೇ. ಅದನ್ನ ಅವರು ಅಷ್ಟು ಜನರ ಮುಂದೆ ಹೇಗೆ ಹೇಳ್ತಾರೆ? ನೀನು ಚಿಕ್ಕವಳು. ಮರೆತುಬಿಡ್ತೀಯ ಅಂದ್ಕೊಂಡ್ವಿ.”

“ಅಂದ್ಕೊಂಡ್ವಿ,” ಎಂದಳು ಮುರುಕಿ.

ಅಮ್ಮ ಹೊದಿಕೆಯ ಅಂಚನ್ನು ಎಳೆದು ನೇರ ಮಾಡಿದಳು. ಅದು ನೇರವಾಗಿಯೇ ಇತ್ತು.

“ಮುರುಕೀ,” ಎಂದು ಅಣ್ಣ ಹೊರಗಿನಿಂದ ಕೂಗಿದ, “ಇವರು ರೇಟು ಕೇಳ್ತಿದ್ದಾರೆ, ಬಾರೇ.” ಅವಳು ಓಗೊಡಲಿಲ್ಲ. “ಮುರುಕೀ, ಕೇಳಿಸ್ತಾ?”

ಹುಡುಕಿಕೊಂಡು ಬಾಗಿಲವರೆಗೆ ಬಂದ ಅವನು ಅಮ್ಮನ ಮುಖ ನೋಡಿದ, ತಂಗಿಯ ಬೆನ್ನು ನೋಡಿದ. ಮೂರನೆಯ ಸಲ ಕರೆಯಲು ಬಾಯಿ ತೆರೆದ. ಆ ಹೆಸರು ಈಗ ಬಾಯಿಗೆ ಬರಲಿಲ್ಲ, ಅವಳನ್ನು ಬೇರೆ ಏನೆಂದು ಕರೆಯಬೇಕೆಂದೂ ತೋಚಲಿಲ್ಲ. ನಡುಮನೆಯ ದನಿ ಹವಾಮಾನ ಓದುತ್ತಲೇ ಇತ್ತು. ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡು ಹಾಗೇ ನಿಂತ.