ಆರು ಬೆರಳಿನ ಪಾದ

“ಏ ರಂಡೆ, ಪಾದದ ಹತ್ರ ಕಸಬರಿಗಿ ತರಬ್ಯಾಡಂದ್ರ ತಿಳಿಯಂಗಿಲ್ಲೇನ? ಮೈಲಿಗಿ ಮಾಡ್ತಿ!”

ಪೂಜಾರಿ ಧರ್ಮಣ್ಣ ಅಕ್ಕಲಕೋಟೆ ಕಡೆಯವನು. ಹರಸುವುದೆಲ್ಲ ಮರಾಠಿಯಲ್ಲಿ, ಬೈಯುವುದು ಮಾತ್ರ ಕನ್ನಡದಲ್ಲಿ. ಸೋಮವ್ವ ಗಮ್‌ಬೂಟು ಎಳೆಯುತ್ತ ಹಿಂದೆ ಸರಿದಳು. ಮುಂಬೈಯ ಮಲಾಡಿನ ಕೊಳಚೆ ನಾಲಾದ ಮೇಲಿರುವ ಈ ಹಳೆಯ ಕಾಂಕ್ರೀಟ್ ಕಮಾನು ಸೇತುವೆಯನ್ನು ಗುಡಿಸುವುದು ಅವಳ ಕೆಲಸ, ಕಮಾನಿನ ಕೆಳಗಿನ ತಗಡಿನ ಗುಡಿಸಲು ಅವಳ ಮನೆ. ನಾಳೆ ಆ ಮನೆಯನ್ನೂ ಕೀಳುತ್ತಾರೆ. ಪಾದಕ್ಕೆ ಬರುವ ಭಕ್ತರ ಚಪ್ಪಲಿ ಇಡಲು ಜಾಗ ಬೇಕಂತೆ.

ಪಾದವೆಂದರೆ ಸೇತುವೆಯ ಅಂಚಿನಲ್ಲಿ ಮೂಡಿದ್ದ ಒಂದು ಹೆಜ್ಜೆ ಗುರುತು. ಅದಕ್ಕೆ ಆರು ಬೆರಳು. ಇವತ್ತು ಅದಕ್ಕೆ ಬೆಳ್ಳಿ ಕವಚ ತೊಡಿಸಲು ಏರಿಯಾದ ಲೀಡರ್ ಬಂದಿದ್ದ. ಕಮಾನು ಮತ್ತೆ ಮತ್ತೆ ಕುಸಿಯುತ್ತಿತ್ತು, ಮಹಾತ್ಮರೊಬ್ಬರು ಬಂದು ಪಾದ ಊರಿದ ಮೇಲೇ ನಿಂತಿತು ಎಂದು ಧರ್ಮಣ್ಣ ಮೈಕಿನಲ್ಲಿ ಸೇತುವೆಯ ಇತಿಹಾಸ ಬಿಡತೊಡಗಿದ.

ಸೋಮವ್ವನಿಗೆ ನಗು ತಡೆಯಲಾಗಲಿಲ್ಲ. ಸುತ್ತ ಬರೀ ಗದ್ದೆಗಳಿದ್ದ ಕಾಲದಲ್ಲಿ ಈ ಸೇತುವೆಗೆ ಕಾಂಕ್ರೀಟ್ ಹೊತ್ತವಳು ಅವಳ ಅಜ್ಜಿ ಹನುಮವ್ವ. ಬುಟ್ಟಿ ಹೊತ್ತು ಬರುವಾಗ ಜೋಲಿ ತಪ್ಪಿ ಹಸಿ ಕಾಂಕ್ರೀಟಿಗೆ ಕಾಲಿಟ್ಟಿದ್ದಳು. ಕೂಲಿಗಳ ಮೇಲಿನ ಮುಕಾದಮ ಕಪಾಳಕ್ಕೆ ಬಾರಿಸಿ ಅವಳನ್ನು ಕೆಲಸದಿಂದ ಓಡಿಸಿದ. ಹೊಡೆಯುವ ಗಡಿಬಿಡಿಯಲ್ಲಿ ಹೆಜ್ಜೆ ಅಳಿಸುವುದನ್ನೇ ಮರೆತ.

“ಯಾಕ ಹಲ್ ಕಿಸೀತಿ? ಭಕ್ತಿ ಅನ್ನೂದು ಅದ ಏನ ನಿನಗ?” ಧರ್ಮಣ್ಣ ಮೈಕಿಗೆ ಕೈ ಅಡ್ಡ ಹಿಡಿದು ಗದರಿದ.

“ಭಾಳ ಅದರೀ ಅಪ್ಪಾರ.”

ಸೋಮವ್ವ ಬಲಗಾಲಿನ ಬೂಟು ಕಿತ್ತು ಬಿಸಾಡಿದಳು. ಲೀಡರ್ ಹಣೆ ಹಚ್ಚಲು ಬಗ್ಗುತ್ತಿದ್ದಂತೆ ಸರಕ್ಕನೆ ಮುಂದೆ ಬಂದು ಪಾದದ ಗುರುತಿನಲ್ಲಿ ತನ್ನ ಕಾಲಿಟ್ಟಳು. ಆರು ಬೆರಳೂ ತಮ್ಮ ತಮ್ಮ ಜಾಗ ಹುಡುಕಿಕೊಂಡು ಕೂತವು. ಅಂಗಾಲಿಗೆ ಕುಂಕುಮ ತಣ್ಣಗೆ ಹತ್ತಿತು. ಏಟು ತಿಂದ ಅಜ್ಜಿಯ ಕೆನ್ನೆ ನೆನಪಾಗಿ ಅವಳ ಕಣ್ಣು ತುಂಬಿತು, ನಗುವೂ ಬಂತು.

“ಹೊಲೇರ ಹನುಮವ್ವನ ಕಾಲರೀ ಇದು, ನಮ್ಮ ಅಜ್ಜೀದು. ಈಗ ಹೇಳ್ರಿ, ನನ್ನ ಮನಿ ಕೀಳ್ತೀರೋ, ಕಾಲಿಗಿ ಬೀಳ್ತೀರೋ?”

ಧರ್ಮಣ್ಣ ಗಡಬಡಿಸಿ ಮೈಕು ಆಫ್ ಮಾಡಿದ. ಕನ್ನಡ ತಿಳಿಯದ ಲೀಡರ್ ಬಗ್ಗಿದ ಸೊಂಟ ಎತ್ತಬೇಕೋ ಬೇಡವೋ ಗೊತ್ತಾಗದೆ ಹಾಗೇ ನಿಂತ. ಪೊಲೀಸರನ್ನು ಕರೆಯಿರೆಂದು ಯಾರೋ ಕೂಗಿದರು. ಅಷ್ಟರಲ್ಲಿ ಸಾಲಿನಲ್ಲಿದ್ದ ಮುದುಕಿಯೊಬ್ಬಳು ಆ ಆರು ಬೆರಳು ನೋಡಿ ಗಾಬರಿಯಿಂದ ಕೈ ಮುಗಿದಳು. ಅವಳ ಹಿಂದಿದ್ದವಳು ಸೋಮವ್ವನ ಕಾಲಿಗೆ ಚೆಂಡು ಹೂ ಎಸೆದಳು. ಸಾಲು ಮುಂದಕ್ಕೆ ನುಗ್ಗಿತು.

“ಸಾಬ್, ಜರಾ ಬಾಜೂ ಹೋ ಜಾವ್,” ಎಂದಳು ಸೋಮವ್ವ ಲೀಡರ್‌ಗೆ, ಪಕ್ಕಕ್ಕೆ ಸರಿಯುವಂತೆ ಕೈ ಮಾಡಿ. “ಲೋಗೋಂ ಕೋ ದರ್ಶನ್ ಕರ್ನೇ ದೋ.”

ಕಾಲು ಮಾತ್ರ ತೆಗೆಯಲಿಲ್ಲ.